ಬೇಸಗೆಯ ಕಂಬಳಿ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದರ ಬೆನ್ನಿಗೇ ಬಸವನಗುಡಿ, ಮಲ್ಲೇಶ್ವರಗಳ ಕೆಲವು ಮನೆಗಳಲ್ಲಿ ಬೇಸಗೆಯ ಇನ್ನೊಂದು ಕುರುಹೂ ಕಾಣಿಸಿಕೊಳ್ಳುತ್ತದೆ. ಬೆಳಗ್ಗೆ ಗುಡಿಸಿದ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅರಳೆಯಂತಹ ಕೂದಲ ಉಂಡೆಗಳು ಉರುಳಾಡುತ್ತವೆ. ಮನೆಯ ಆಲ್ಸೇಷಿಯನ್ ನಾಯಿ ಚಳಿಗಾಲದ ತುಪ್ಪಳವನ್ನು ಕಳಚುತ್ತಿದೆ. ನಾಲಗೆ ಚಾಚಿ ಏದುಸಿರು ಬಿಡುತ್ತ ನೆಲಕ್ಕೆ ಅಂಟಿ ಮಲಗಿದ ಅದನ್ನು ಕಂಡು ಮನೆಯವರ ಕರುಳು ಚುರುಕ್ಕೆನ್ನುತ್ತದೆ. ‘ಪಾಪ, ಕಂಬಳಿ ಹೊದ್ದು ಬಿಸಿಲಿಗೆ ಕುಳಿತಂತಾಗಿದೆ, ಪೂರ್ತಿ ಬೋಳಿಸಿಬಿಡೋಣ’ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಕರುಣೆಯಿಂದ ಹುಟ್ಟಿದ ಈ ಸಲಹೆಯಿಂದಲೇ ನಾಯಿಗೆ ಕೇಡು ಒದಗುವುದುಂಟು.

ಎಲ್ಲ ನಾಯಿಗಳ ಮೈಗೂದಲೂ ಒಂದೇ ಬಗೆಯದಲ್ಲ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ನಮ್ಮ ದೇಶದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳನ್ನು ಹೊರತಂದಿತು. ಅವುಗಳಲ್ಲಿ ಮುಧೋಳದ ಬೇಟೆನಾಯಿಯೂ ಇದೆ, ಹಿಮಾಲಯದ ಕುರಿನಾಯಿಯೂ ಇದೆ. ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ಮುಧೋಳದ ನಾಯಿಗೆ ಮೈಗಂಟಿದ ಗಿಡ್ಡ ಕೂದಲು. ಒದ್ದೆ ಬಟ್ಟೆಯಿಂದ ಒರೆಸಿದರೂ ಅದು ಶುಭ್ರವಾಗುತ್ತದೆ. ಹಿಮಾಲಯದ ನಾಯಿಗೂ ಆಲ್ಸೇಷಿಯನ್ನಿಗೂ ಕೂದಲು ಎರಡು ಪದರ. ಹೊರಗಿನದು ಒರಟು, ಉದ್ದ. ಮಳೆಯನ್ನೂ ಬಿಸಿಲನ್ನೂ ತಡೆಯುವುದು ಅದರ ಕೆಲಸ. ಒಳಗಿನದು ಉಣ್ಣೆಯಂತೆ ಮೃದು. ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಗುಣ.

ಮನುಷ್ಯನಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಮಾತ್ರ ಅದು ಸ್ವಲ್ಪ ಬೆವರುತ್ತದೆ. ಏದುಸಿರಿನೊಡನೆ ಬಾಯಿ, ನಾಲಗೆಗಳ ತೇವವು ಆವಿಯಾದಾಗಲೇ ಅದರ ಒಡಲು ತಣಿಯುವುದು. ಆದ್ದರಿಂದ ಕೂದಲನ್ನು ಬೋಳಿಸಿದ ಮಾತ್ರಕ್ಕೆ ಅದಕ್ಕೆ ತಂಪಾಗದು. ಬಿಸಿಲು ನೇರವಾಗಿ ಚರ್ಮಕ್ಕೆ ತಾಗಿ ಸುಡುತ್ತದೆ. ಮಲ್ಲೇಶ್ವರದಲ್ಲಿ ಉಳಿದಿರುವ ಕೆಲವೇ ಹಂಚಿನ ಮನೆಗಳನ್ನು ನೋಡಬೇಕು. ಸೆಕೆಯೆಂದು ಯಾರೂ ಮಾಡಿನ ಹಂಚನ್ನು ಇಳಿಸುವುದಿಲ್ಲ; ಕಿಟಕಿಗಳನ್ನು ತೆರೆಯುತ್ತಾರೆ. ನಾಯಿಯ ಮೈ ಬಾಚುವುದೂ ಕಿಟಕಿ ತೆರೆಯುವ ಕೆಲಸವೇ. ಉದುರಿ ಒಳಗೇ ಸಿಕ್ಕಿಕೊಂಡ ತುಪ್ಪಳ ಹೊರಬಂದರೆ ಗಾಳಿ ಚರ್ಮದವರೆಗೆ ಹೋಗುತ್ತದೆ. ಬೋಳಿಸಿದ ಕೂದಲಾದರೋ ಕೆಲವು ನಾಯಿಗಳಲ್ಲಿ ಮೊದಲಿನಂತೆ ಬೆಳೆಯುವುದೇ ಇಲ್ಲ. ಶಸ್ತ್ರಚಿಕಿತ್ಸೆಗೋ ಚರ್ಮರೋಗಕ್ಕೋ ಪಶುವೈದ್ಯರು ಕ್ಷೌರ ಮಾಡಿಸುವ ಮಾತು ಬೇರೆ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣತೆ 39 ಡಿಗ್ರಿ ಸೆಲ್ಸಿಯಸನ್ನು ದಾಟಿತ್ತು. ನಾಯಿಯ ಒಡಲಿನ ಸಹಜ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ. ಅಂತಹ ದಿನ ಅದನ್ನು ಕಾಪಾಡುವುದು ನೆರಳು ಮತ್ತು ನೀರು, ಕತ್ತರಿಯಲ್ಲ.

ಬಾಚುವುದಕ್ಕೂ ಒಂದು ಕ್ರಮವಿದೆ. ಮೇಲೆ ಮೇಲೆ ಬಾಚಿದರೆ ಹೊರಗೂದಲು ಹೊಳೆಯುತ್ತದೆ, ಒಳಗಿನ ಗಂಟು ಹಾಗೆಯೇ ಉಳಿಯುತ್ತದೆ. ಎಡಗೈಯಿಂದ ಕೂದಲನ್ನು ಮೇಲೆತ್ತಿ ಹಿಡಿದು, ಚರ್ಮ ಕಾಣುವಂತೆ ಬೈತಲೆ ತೆಗೆದು, ಅಗಲ ಹಲ್ಲಿನ ಉಕ್ಕಿನ ಬಾಚಣಿಗೆಯಿಂದ ಬುಡದಿಂದ ತುದಿಯ ಕಡೆಗೆ ಸಾಲುಸಾಲಾಗಿ ಬಾಚಬೇಕು. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ ಗಂಟುಗಳು ಅಡಗಿರುತ್ತವೆ. ಅವುಗಳನ್ನು ಬೆರಳಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. ಕತ್ತರಿ ಹಾಕಿದರೆ ಗಂಟಿನೊಡನೆ ಮೇಲೆದ್ದ ತೆಳುಚರ್ಮವೂ ತುಂಡಾದೀತು.

ಬಾಚಿದ ಮೇಲೆ ಸ್ನಾನ. ಸ್ನಾನವಾದ ಮೇಲೆ ಬಾಚುವುದಲ್ಲ. ನೀರು ಬಿದ್ದ ಗಂಟು ಇನ್ನಷ್ಟು ಬಿಗಿಯುತ್ತದೆ. ಮನುಷ್ಯರ ಸೋಪು ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ. ನಾಯಿಗೆಂದೇ ತಯಾರಿಸಿದ ಶಾಂಪೂ ಬಳಸಿ, ಉಗುರು ಬೆಚ್ಚಗಿನ ನೀರಿನಲ್ಲಿ ನೊರೆ ಉಳಿಯದಂತೆ ತೊಳೆಯಬೇಕು. ಒಣಗಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಮೇಲೆ ಒಣಗಿದಂತೆ ಕಂಡರೂ ಒಳತುಪ್ಪಳದಲ್ಲಿ ಗಂಟೆಗಟ್ಟಲೆ ಹಸಿ ಉಳಿದಿರುತ್ತದೆ. ಮಳೆಗಾಲದಲ್ಲಿ ಆ ಹಸಿಯೇ ಹುಣ್ಣಿಗೆ ದಾರಿ. ಹಾಗಾಗಿ ಹಿತ್ತಲಿಗೆ ಎಳೆಬಿಸಿಲು ಬರುವ ದಿನವನ್ನೇ ಸ್ನಾನಕ್ಕೆ ಆರಿಸಿಕೊಳ್ಳುವುದು ಜಾಣತನ.

ಹೀಗೆ ಬುಡದವರೆಗೆ ಬಾಚುವ ಕೈಗೆ ಕಣ್ಣಿಗೆ ಕಾಣದ್ದೂ ಸಿಗುತ್ತದೆ. ಒಂದು ಸಣ್ಣ ಗುಳ್ಳೆ, ಮುಟ್ಟಿದೊಡನೆ ನಾಯಿ ಕೊಸರುವ ಒಂದು ಜಾಗ, ಹೆಸರುಕಾಳಿನಂತೆ ಉಬ್ಬಿದ ಒಂದು ಉಣ್ಣಿ. ಉಣ್ಣಿಯಿಂದ ಹರಡುವ ಜ್ವರ ನಾಯಿಯ ಜೀವವನ್ನೇ ತೆಗೆಯಬಲ್ಲದು. ಅದರ ಮೇಲೆ ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಹಳೆಯ ತಪ್ಪು ರೂಢಿ. ಚಿಮಟದಿಂದ ಚರ್ಮದ ಸಮೀಪದಲ್ಲೇ ಹಿಡಿದು, ಹಿಸುಕದೆ ನೇರವಾಗಿ ಮೇಲಕ್ಕೆಳೆಯಬೇಕು. ನಾಯಿ ಮಂಕಾಗಿ ಊಟ ಬಿಟ್ಟರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಮುದಿನಾಯಿಗೆ ಬಹಳ ಹೊತ್ತು ನಿಲ್ಲಲಾಗದು. ಅದನ್ನು ಜಗಲಿಯ ಮೇಲೆ ಮಲಗಿಸಿ, ಇಂದು ಒಂದು ಮಗ್ಗುಲನ್ನು ಬಾಚಿ ಇನ್ನೊಂದನ್ನು ನಾಳೆಗೆ ಬಿಟ್ಟರೂ ಆಯಿತು. ಬಾಚಣಿಗೆ ಕಂಡೊಡನೆ ಮಂಚದಡಿ ನುಸುಳುತ್ತಿದ್ದ ನಾಯಿಯೂ ನೋವಾಗದೆಂಬ ನಂಬಿಕೆ ಬಂದ ಮೇಲೆ ತಾನಾಗಿಯೇ ಬಂದು ಮಗ್ಗುಲು ಹೊರಳಿಸಿ ಮಲಗುತ್ತದೆ.