ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ಬಂಡಿಯ ಅಚ್ಚು ಮುರಿದರೆ ಬಂಡಿಯನ್ನೇ ಬಿಸಾಡುವವರು ನಮ್ಮ ಸೀಮೆಯಲ್ಲಿಲ್ಲ. ಆದರೆ ಕಂಪ್ಯೂಟರು ನಿಧಾನವಾಯಿತೆಂದರೆ ಹೊಸದನ್ನೇ ಕೊಳ್ಳಬೇಕೆಂದು ಎಲ್ಲರೂ ಅನ್ನುವರು. ಅದರ ಯಾವ ಭಾಗ ಸೋತಿದೆಯೆಂದು ವಿಚಾರಿಸುವವರು ಕಡಿಮೆ. ಅಗಡಿಯ ನಮ್ಮ ಮನೆಯ ಯಂತ್ರವೊಂದರ ಉದಾಹರಣೆಯಿಂದ ಈ ವಿಷಯವನ್ನು ಸಹಪಾಠಿಗಳ ಮುಂದೆ ಇಡಬಯಸುತ್ತೇನೆ.

ಈ ಯಂತ್ರ ಸೋದರಮಾವನವರು ಕೊಟ್ಟದ್ದು. ಪ್ರೊಸೆಸರು 2009ರಲ್ಲಿ ಹೊರಬಂದ ಇಂಟೆಲ್ ಕೋರ್ 2 ಡ್ಯುಯೊ ಇ7500. ಮದರ್‌ಬೋರ್ಡು ಜಿ41 ಜಾತಿಯದು. ರ‍್ಯಾಮ್ 2 ಜಿಬಿ. ಹಾರ್ಡ್ ಡಿಸ್ಕು 320 ಜಿಬಿ. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆ ಸಿದ್ಧವಾಗಿರುತ್ತಿರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ ತುಂಬಲು, ಪ್ರಬಂಧ ಟೈಪು ಮಾಡಲು ನಾನೂ ತಂಗಿಯೂ ಹಾವೇರಿಗೆ ಹೋಗಿ ಅಂಗಡಿಯಲ್ಲಿ ಹಣ ತೆರುತ್ತಿದ್ದೆವು. ಮೆಣಸಿನಕಾಯಿ ಮಾರಿದ ಹಣದಲ್ಲಿ ಅಪ್ಪ ಕೊಡಬಹುದಾಗಿದ್ದುದು 3,000 ರೂಪಾಯಿ. ಅದು ವ್ಯರ್ಥವಾದರೆ ಮುಂದಿನ ಸುಗ್ಗಿಯವರೆಗೆ ದಾರಿಯಿಲ್ಲ.

ಪ್ರೊಸೆಸರನ್ನು ಬದಲಿಸಬೇಕೆಂದೇ ಮೊದಲು ನನಗೆ ತೋರಿತ್ತು. ಆದರೆ ದೋಷವಿದ್ದುದು ಬೇರೆ ಕಡೆ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುವದು; ಅಂದರೆ ಸೆಕೆಂಡಿಗೆ 120. ಬೇಕಾದ ಮಾಹಿತಿ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಅತ್ತಿತ್ತ ಸರಿಯುವ ಹೊತ್ತು ಬೇರೆ. ಒಟ್ಟಿನಲ್ಲಿ ಚದುರಿದ ಮಾಹಿತಿಯನ್ನು ಅದು ಸೆಕೆಂಡಿಗೆ ನೂರು ಸಲ ಓದುವದೂ ಕಷ್ಟ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಸಾವಿರಾರು ಸಲ ಓದುವದು. ಇದಲ್ಲದೆ ರ‍್ಯಾಮ್ ಸಾಲದಾದಾಗ ಯಂತ್ರವು ಡಿಸ್ಕನ್ನೇ ರ‍್ಯಾಮಿನಂತೆ ಬಳಸುವದರಿಂದ ಹೆಳವನ ಹೆಗಲ ಮೇಲೆ ಇನ್ನೊಂದು ಮೂಟೆ ಹೇರಿದಂತಾಗುವದು. ಪ್ರೊಸೆಸರು ಪಾಪ, ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತಿತ್ತು.

ರ‍್ಯಾಮ್ ಕೊಳ್ಳುವಾಗ ನಾನು ಮೋಸಹೋದೆ, ತಪ್ಪು ನನ್ನದೇ. ಬೋರ್ಡಿಗೆ ಬೇಕಾದುದು ಡಿಡಿಆರ್3 ಎಂದು ತಿಳಿದು, ಗೆಳೆಯನ ಕೈಯಲ್ಲಿ 4 ಜಿಬಿಯ ಹಳೆಯ ಪಟ್ಟಿಯೊಂದನ್ನು ತರಿಸಿದೆ. ಹಾಕಿದರೆ ಪರದೆ ಕಪ್ಪು. ರಬ್ಬರಿನಿಂದ ಅದರ ಹಲ್ಲುಗಳನ್ನು ಉಜ್ಜಿದೆ, ಫ್ಯಾನಿನ ಧೂಳು ತೆಗೆದೆ (ಮೆಣಸಿನಕಾಯಿ ಚೀಲಗಳ ಪಕ್ಕದಲ್ಲಿ ಇಟ್ಟಿದ್ದ ಯಂತ್ರವದು, ಸೀನುವದರಲ್ಲಿ ಅರ್ಧ ದಿನ ಹೋಯಿತು), ಆದರೂ ಉಪಯೋಗವಾಗಲಿಲ್ಲ. ಕಡೆಗೆ ರಿಪೇರಿ ಮಾಡುವ ಹಿರಿಯರೊಬ್ಬರು ನೋಡಿ, “ತಮ್ಮಾ, ಚಿಪ್ಪು ಎಣಿಸಿ ತರಬೇಕಿತ್ತಲ್ಲೋ” ಎಂದರು. 4 ಜಿಬಿಯನ್ನು ಎಂಟೇ ಚಿಪ್ಪುಗಳಲ್ಲಿ ತುಂಬಿದ ಪಟ್ಟಿಯನ್ನು ಜಿ41 ಗುರುತಿಸಲಾರದು. ಎರಡೂ ಬದಿಗೆ ಎಂಟೆಂಟರಂತೆ ಹದಿನಾರು ಚಿಪ್ಪುಗಳಿರಬೇಕು. 350 ರೂಪಾಯಿ ನೀರಿಗೆ ಹೋಯಿತು. ಹದಿನಾರು ಚಿಪ್ಪಿನ ಎರಡು ಪಟ್ಟಿಗಳನ್ನು ಆಮೇಲೆ ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ತರಿಸಿದೆ. ಹಳೆಯ ಬಿಡಿಭಾಗಗಳಿಗೆ ಅದು ಹೆಸರಾದ ಪೇಟೆ. ಈ ಜಾತಿಯ ಬೋರ್ಡು ಒಟ್ಟು 8 ಜಿಬಿಗಿಂತ ಹೆಚ್ಚಿನದನ್ನು ಒಪ್ಪುವದಿಲ್ಲ.

ಎಲ್ಲವನ್ನೂ ಹಳೆಯದೇ ಕೊಳ್ಳುವದು ಜಾಣತನವಲ್ಲ. ರ‍್ಯಾಮ್ ಬೇಗ ಸವೆಯುವ ವಸ್ತುವಲ್ಲವಾದ್ದರಿಂದ ಹಳೆಯದಾದರೂ ನಡೆದೀತು. ಎಸ್‌ಎಸ್‌ಡಿ ಬರೆದಷ್ಟೂ ಸವೆಯುವದು. ಅದನ್ನು ಹೊಸದಾಗಿಯೇ ಕೊಂಡೆ. ವಿದ್ಯುತ್ತು ಹಂಚುವ ಎಸ್‌ಎಂಪಿಎಸ್ ಡಬ್ಬಿಯೂ ಹಾಗೆಯೇ. ಕೆಟ್ಟ ಡಬ್ಬಿ ತಾನು ಸಾಯುವಾಗ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಒಯ್ದೀತು. ನಮ್ಮದು ಇನ್ನೂ ಗಟ್ಟಿಯಾಗಿದ್ದರಿಂದ ಆ ಖರ್ಚು ಉಳಿಯಿತು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ರ ಪಟ್ಟಿಯಲ್ಲಿ ಇಂಥ ಪ್ರೊಸೆಸರಿಗೆ ಸ್ಥಾನವಿಲ್ಲ. ಆದುದರಿಂದ ಉಚಿತವಾಗಿ ದೊರೆಯುವ ಲಿನಕ್ಸ್ ಮಿಂಟನ್ನು ಹಾಕಿದೆ. ಯುನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ಮೂಡುವದು. ನುಡಿಯ ಹಳೆಯ ಅಕ್ಷರಗಳಲ್ಲಿದ್ದ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕಾಯಿತು.

ಈಗ ಯಂತ್ರ ಒಂದು ನಿಮಿಷದೊಳಗೆ ಎದ್ದು ನಿಲ್ಲುವದು. ಹಳೆಯ ಡಿಸ್ಕನ್ನು ತೆಗೆಯದೆ ಫೋಟೋ, ಪುಸ್ತಕಗಳಿಗೆಂದು ಇಟ್ಟಿದ್ದೇವೆ. ಈ ಸಲದ ವಿದ್ಯಾರ್ಥಿವೇತನದ ಅರ್ಜಿಯನ್ನು ತಂಗಿ ಮನೆಯಲ್ಲಿಯೇ ತುಂಬಿದಳು. ಎಂಟು ಚಿಪ್ಪಿನ ಆ ಪಟ್ಟಿ ಮಾತ್ರ ನನ್ನ ಮೇಜಿನ ಖಾನೆಯಲ್ಲಿದೆ. ಡಿಡಿಆರ್3 ಹಾಕುವ, ಇದಕ್ಕಿಂತ ಹೊಸ ಬೋರ್ಡು ಇದ್ದವರಿಗೆ ಉಪಯೋಗವಾದೀತು, ಬೇಕಾದವರು ಕೇಳಬಹುದು.