ಭಾಷೆಗಳ ನಂಟು: ಕಿವಿಗೆ ಕಂಡದ್ದೂ ನಿಯಮಕ್ಕೆ ಸಿಕ್ಕಿದ್ದೂ

ಆಲುವದಲ್ಲಿ ಓದುವ ಕನ್ನಡ ವಿದ್ಯಾರ್ಥಿಗಳಿಗೆ ಮಲಯಾಳ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ‘ಎರಡೂ ಒಂದೇ ಕುಟುಂಬ’ ಅಂತ ನೋಟ್ಸಿನಲ್ಲಿ ಬರೆದುಕೊಂಡಿರುತ್ತೇವೆ. ಅದಕ್ಕೆ ಆಧಾರವೇನು ಎಂದು ಕೇಳಿದರೆ ‘ಮಾತು ಒಂದೇ ತರಹ ಕೇಳಿಸುತ್ತದೆ’ ಅಂತ ಹೇಳಿಬಿಡುತ್ತೇವೆ. ಈ ಉತ್ತರ ಸಾಲದು. ಯಾಕೆ ಸಾಲದು ಎಂಬುದನ್ನು ಫಿನ್ನೊ-ಉಗ್ರಿಕ್ ಕುಟುಂಬ ಚೆನ್ನಾಗಿ ತೋರಿಸಿಕೊಡುತ್ತದೆ.

ಮೊದಲು ಅದರ ನೆಲೆ ನೋಡೋಣ. ಬಾಲ್ಟಿಕ್ ಸಮುದ್ರದ ಬಳಿ ಫಿನ್ನಿಷ್, ಎಸ್ಟೋನಿಯನ್. ನಾರ್ವೆ, ಸ್ವೀಡನ್, ಫಿನ್ಲೆಂಡುಗಳ ಉತ್ತರದಲ್ಲೂ ರಷ್ಯದ ಕೋಲಾ ಪ್ರದೇಶದಲ್ಲೂ ಸಾಮಿ ಭಾಷೆಗಳು. ರಷ್ಯದ ವೋಲ್ಗಾ ಸೀಮೆಯಲ್ಲಿ ಮೊರ್ದ್ವಿನ್, ಮಾರಿ; ಅದರ ಈಶಾನ್ಯಕ್ಕೆ ಉದ್‌ಮುರ್ತ್, ಕೋಮಿ. ಉರಾಲ್ ಬೆಟ್ಟ ದಾಟಿದರೆ ಓಬ್ ನದಿಯ ಸೀಮೆಯಲ್ಲಿ ಖಾಂತಿ, ಮಾನ್ಸಿ. ಈ ಕೊನೆಯ ಎರಡರ ಹತ್ತಿರದ ನಂಟನಾದ ಹಂಗೇರಿಯನ್ ಮಾತ್ರ ದೂರದ ಮಧ್ಯ ಯೂರೋಪಿನಲ್ಲಿದೆ! ಅದನ್ನಾಡುವ ಜನ 9ನೆಯ ಶತಮಾನದ ಕೊನೆಯಲ್ಲಿ ಅಲ್ಲಿಗೆ ಬಂದು ನೆಲೆಸಿದರು.

ಹಂಗೇರಿಯ ಖಗೋಳಜ್ಞ ಶೈನೋವಿಚ್ 1769ರಲ್ಲಿ ಶುಕ್ರಸಂಕ್ರಮಣ ನೋಡಲು ನಾರ್ವೆಯ ಉತ್ತರ ತುದಿಗೆ ಹೋದವನು. ಅಲ್ಲಿಯ ಸಾಮಿ ಮಾತಿಗೂ ತನ್ನ ಮಾತಿಗೂ ನಂಟಿದೆ ಎಂದು 1770ರಲ್ಲಿ ಪುಸ್ತಕವನ್ನೇ ಬರೆದ. ಮುಂದಿನ ವಿದ್ವಾಂಸರು ನಿಯಮ ಹುಡುಕಿದರು. ಮೀನಿಗೆ ಫಿನ್ನಿಷಿನಲ್ಲಿ ‘ಕಲ’, ಹಂಗೇರಿಯನ್ನಿನಲ್ಲಿ ‘ಹಲ್’. ಮೂರಕ್ಕೆ ‘ಕೊಲ್ಮೆ’, ‘ಹಾರೊಮ್’. ಆದರೆ ಕೈಗೆ ‘ಕ್ಯಾಸಿ’, ‘ಕೇಜ್’! ಇಲ್ಲಿ ಕಕಾರ ಏಕೆ ಉಳಿಯಿತು? ಅ, ಒ ತರಹದ ಸ್ವರಗಳ ಮುಂದೆ ಕಕಾರ ಹಕಾರವಾಯಿತು. ಇ, ಎ ತರಹದವುಗಳ ಮುಂದೆ ಆಗಲಿಲ್ಲ. ಇದೇ ನಿಯಮ.

ಈಗ ನಮ್ಮೂರಿಗೆ ಬನ್ನಿ. ಕನ್ನಡದ ಕಿವಿ ಮಲಯಾಳದಲ್ಲಿ ‘ಚೆವಿ’, ಕೆರೆ ‘ಚಿರ’. ಆದರೆ ಕಣ್ಣು, ಕಾಲುಗಳಲ್ಲಿ ಕಕಾರ ಹಾಗೇ ಇದೆ. ಇ, ಎ ಮುಂದೆ ಮಾತ್ರ ಬದಲಾವಣೆ. ಇನ್ನೊಂದು: ಪಾಲ್-ಹಾಲು, ಪುಲಿ-ಹುಲಿ, ಪತ್ತ್-ಹತ್ತು. ಇಲ್ಲಿ ಬದಲಾದದ್ದು ಕನ್ನಡ. ಹಳಗನ್ನಡದಲ್ಲಿ ನಮ್ಮದೂ ಪಾಲ್, ಪುಲಿಗಳೇ ತಾನೆ? ಆಲುವದಲ್ಲಿ ದಿನಾ ಕಾಣುವ ‘ಪುೞ’ ನಮ್ಮ ‘ಹೊಳೆ’ಯೇ. ಕಿವಿಗೆ ಬೇರೆ ಬೇರೆ, ನಿಯಮಕ್ಕೆ ಒಂದೇ.

ಇದಕ್ಕೆ ವಿರುದ್ಧವಾಗಿ ‘ಪುಸ್ತಕಂ’, ‘ಪುಸ್ತಕ’ ಹೆಚ್ಚುಕಡಿಮೆ ಒಂದೇ. ಆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಎರಡೂ ಸಂಸ್ಕೃತದಿಂದ ತಂದ ಸಾಲ.

ದೊಡ್ಡವರೂ ಹೋಲಿಕೆಗೆ ಮನಸೋತದ್ದುಂಟು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕ್ಯಾಲ್ಡ್‌ವೆಲ್, ನಮ್ಮ ಭಾಷೆಗಳು ಫಿನ್ನಿಷ್ ಮೊದಲಾದವುಗಳಿಗೆ ಸಂಬಂಧಿಗಳು ಎಂದ. ನಿಜ, ಫಿನ್ನಿಷಿನಲ್ಲಿ ಮನೆ ‘ತಲೊ’, ಮನೆಯಲ್ಲಿ ‘ತಲೊಸ್ಸ’. ನಮ್ಮ ಹಾಗೇ ಪ್ರತ್ಯಯ ಹಿಂದೆ ಅಂಟುತ್ತದೆ. ಆದರೆ ಪ್ರತ್ಯಯ ಅಂಟಿಸುವ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ, ತುರ್ಕಿಯೂ ಹಾಗೇ. ಹಾಲು-ಪಾಲ್‌ನಂಥ ಗಟ್ಟಿ ಸಾಲುಗಳು ಫಿನ್ನಿಷಿನೊಡನೆ ಸಿಗಲಿಲ್ಲ. ಆದ್ದರಿಂದ ಇಂದಿನ ಹೆಚ್ಚಿನ ವಿದ್ವಾಂಸರು ಆ ನಂಟನ್ನು ಒಪ್ಪುವುದಿಲ್ಲ.

ಗೆಳೆಯರೇ, ಒಂದು ಕೆಲಸ ಮಾಡಿ. ಪೇಟೆಯಲ್ಲಿ ಕೇಳಿದ ಮಲಯಾಳ ಪದಗಳಲ್ಲಿ ಪಕಾರದ್ದು ಇಪ್ಪತ್ತು ಬರೆದುಕೊಳ್ಳಿ. ಸಾಲದ ಪದ ಹೊಡೆದುಹಾಕಿ, ಉಳಿದವಕ್ಕೆ ಕನ್ನಡದ ಜೋಡಿ ಹುಡುಕಿ. ನಿಯಮ ಮೀರಿದ್ದು ಸಿಕ್ಕರೆ ಬಿಡಬೇಡಿ. ‘ಕೇಜ್’ ಪದದ ಹಾಗೆ ಅದರ ಹಿಂದೆ ಇನ್ನೊಂದು ನಿಯಮ ಇದ್ದೀತು.