ಲಾರಿಗೆ ಲೋಡ್ ಹಾಕೋ ಲೆಕ್ಕ

ಮಿನಿ ಪ್ರಾಜೆಕ್ಟ್‌ಗಂತ ತುಮಕೂರಿನ ಒಂದು ಟ್ರಾನ್ಸ್‌ಪೋರ್ಟ್ ಗೋಡೌನ್‌ಗೆ ಹೋಗಿದ್ದೆವು. ಬೆಳಗ್ಗೆ ಎಂಟಕ್ಕೇ ಬಂದ ಲಾರಿಗಳು ಮಧ್ಯಾಹ್ನವಾದರೂ ಗೇಟಿನ ಬಳಿಯೇ ನಿಂತಿದ್ದವು. ಜಾಗ ಸಾಲದು, ಇನ್ನೊಂದು ಶೆಡ್ ಕಟ್ಟಿಸಬೇಕು ಅಂದರು ಮಾಲೀಕರು. ಟೀ ಕುಡೀತಿದ್ದ ಡ್ರೈವರ್ ಅಣ್ಣ ಹೇಳಿದ್ದೇ ಬೇರೆ: "ಎಲ್ರನ್ನೂ ಎಂಟಕ್ಕೇ ಬರೋಕೆ ಹೇಳ್ತಾರೆ. ಹಮಾಲರು ಇರೋದು ಒಂದೇ ಗುಂಪು. ಕಾದಿದ್ದಕ್ಕೆ ದುಡ್ಡು ಕೊಡೋರ್ಯಾರು?"

ಅವರ ಮಾತನ್ನೇ ಲೆಕ್ಕಕ್ಕಿಳಿಸೋಣ. 8 ಲಾರಿ, ಒಂದೊಂದಕ್ಕೆ ಲೋಡ್ ಮಾಡಲು 1 ಗಂಟೆ ಅಂದ್ಕೊಳ್ಳಿ. ಎಲ್ಲರೂ ಎಂಟಕ್ಕೇ ಬಂದರೆ ಮೊದಲನೆಯವರು ಕಾಯೋದು 0 ಗಂಟೆ, ಕೊನೆಯವರು 7. ಒಟ್ಟು 28 ಗಂಟೆ ವ್ಯರ್ಥ. ಗಂಟೆಗೊಬ್ಬರನ್ನು ಕರೆದರೆ ಕಾಯುವಿಕೆ ಸೊನ್ನೆ. ಆದರೆ ಒಬ್ಬರು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೂ ಹಮಾಲರು ಸುಮ್ಮನೆ ಕೂರಬೇಕು. ಹಾಗಾಗಿ ಎಂಟಕ್ಕೆ ಇಬ್ಬರನ್ನು, ಆಮೇಲೆ ಗಂಟೆಗೊಬ್ಬರನ್ನು ಕರೆಯೋದು ವಾಸಿ. ಆಗ ಸದಾ ಒಂದು ಲಾರಿ ಸರದಿಯಲ್ಲಿರುತ್ತೆ, ಒಟ್ಟು ಕಾಯುವಿಕೆ 7 ಗಂಟೆ. ಶೆಡ್ ಬೇಕಿಲ್ಲ, ಫೋನ್ ಸಾಕು. ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ನಿಯಮವೂ ಇದನ್ನೇ ಹೇಳುತ್ತೆ: ಯಾರ್ಡ್‌ನಲ್ಲಿರೋ ಸರಾಸರಿ ಲಾರಿಗಳು = ಗಂಟೆಗೆ ಬರೋ ಲಾರಿ × ಒಂದೊಂದು ಒಳಗಿರೋ ಸಮಯ.

ಈಗ ಲೋಡಿನ ವಿಷಯ. ನಮಗೆ ನಿಜವಾಗಿ ತಲೆ ಕೆಡಿಸಿದ್ದು ಇದು. 2018ರ ಜುಲೈನಿಂದ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 18.5 ಟನ್: ಮುಂದಿನ ಆಕ್ಸಲ್‌ಗೆ 7, ಹಿಂದಿನದಕ್ಕೆ 11.5. ಖಾಲಿ ಲಾರಿ ಮುಂದೆ 3.5, ಹಿಂದೆ 3 ಟನ್ ತೂಗುತ್ತೆ, ಆಕ್ಸಲ್‌ಗಳ ನಡುವೆ 4.8 ಮೀಟರ್ ಅಂತಿಟ್ಟುಕೊಳ್ಳಿ. 12 ಟನ್ ಸರಕಿನ ಗುರುತ್ವ ಕೇಂದ್ರ ಮುಂದಿನ ಆಕ್ಸಲ್‌ನಿಂದ ಸರಿಯಾಗಿ 3.4 ಮೀಟರ್‌ನಲ್ಲಿದ್ದರೆ ಎರಡೂ ಮಿತಿಗೆ ಸಮ. 40 ಸೆಂ.ಮೀ. ಹಿಂದೆ ಸರಿದರೆ ಹಿಂದಿನ ಆಕ್ಸಲ್ ಮೇಲೆ 12.5 ಟನ್! ವೇ ಬ್ರಿಡ್ಜ್ ಚೀಟಿಯಲ್ಲಿ ಮಾತ್ರ ಅದೇ 18.5. ಮೊದಲ ಸೆಮಿಸ್ಟರ್‌ನ ಮೊಮೆಂಟ್ ಲೆಕ್ಕ, ಅಷ್ಟೇ.

ಇದೇ ಲಾರಿಯಲ್ಲಿ ಗುಬ್ಬಿಗೆ 5 ಟನ್, ಕುಣಿಗಲ್‌ಗೆ 7 ಟನ್ ಇದೆ ಅನ್ನಿ. ಗುಬ್ಬಿ ಹತ್ತಿರ, ಮೊದಲು ಅಲ್ಲಿಗೆ ಅಂತ ಎಲ್ಲರಿಗೂ ಅನಿಸುತ್ತೆ. ಅದಕ್ಕೆ ಗುಬ್ಬಿ ಮಾಲು ಬಾಗಿಲ ಕಡೆ. ಬಾಡಿ 5.2 ಮೀಟರ್ ಉದ್ದ, ಸರಕು ಒಂದೇ ಮಟ್ಟಕ್ಕೆ ಹರಡಿದೆ ಅಂದುಕೊಂಡು ಲೆಕ್ಕ ಹಾಕಿದೆವು. ಗುಬ್ಬಿಯಲ್ಲಿ 5 ಟನ್ ಇಳಿಸಿದ ಮೇಲೆ ಮುಂದಿನ ಆಕ್ಸಲ್‌ ಮೇಲೆ 7.1 ಟನ್. ಭಾರ ಇಳಿಸಿದ ಮೇಲೆ ಓವರ್‌ಲೋಡ್! ನಾವೂ ನಂಬದೆ ಎರಡು ಸಲ ಮಾಡಿದೆವು.

ಗುಬ್ಬಿ ಇರೋದು ತಿಪಟೂರು ರಸ್ತೆಯಲ್ಲಿ, ಕುಣಿಗಲ್‌ಗೆ ಹೆಬ್ಬೂರು ಮೇಲೆ ಹೋಗಬೇಕು. ತುಮಕೂರಿಗೆ ವಾಪಸ್ ಬಂದೇ ಹೋಗೋದಾದರೆ ಯಾವುದು ಮೊದಲಾದರೂ ಒಟ್ಟು ಕಿಲೋಮೀಟರ್ ಒಂದೇ. ಕುಣಿಗಲ್ ಮಾಲನ್ನು ಬಾಗಿಲ ಕಡೆ ಇಟ್ಟು ಮೊದಲು ಅಲ್ಲಿಗೇ ಹೋದರೆ, ಇಳಿಸಿದ ಮೇಲೆ ಮುಂದಿನ ಆಕ್ಸಲ್‌ ಮೇಲೆ ಬರೀ 6.5 ಟನ್. ಚೀಲ ಜರುಗಿಸೋ ಕೂಲಿ ಇಲ್ಲ. ಗುಬ್ಬಿ ಅಂಗಡಿಯವರು ಮಧ್ಯಾಹ್ನದವರೆಗೆ ಕಾಯ್ತಾರಾ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು.